ಗಾಣದ ಕಣ್ಣು

ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಮನ್ಮಥಪ್ಪನ ತಂದೆಯ ಎಣ್ಣೆಗಾಣವಿತ್ತು. ಮುಂಜಾನೆ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುವ ಮೊದಲು ಆ ಮುದುಕ ಅದರ ಹಣೆಗೆ ವಿಭೂತಿ ಹಚ್ಚಿ, "ತಪ್ಪಾಯ್ತಪಾ ಬಸವಣ್ಣ, ಸಂಜಿಗಿ ಬಿಚ್ತೀನಿ" ಎಂದು ಕೇಳಿಕೊಳ್ಳುತ್ತಿದ್ದ. ಕಣ್ಣು ಬಿಟ್ಟು ಸುತ್ತಿದರೆ ಎತ್ತಿಗೆ ತಲೆ ತಿರುಗಿ ಗಾಣ ನಿಲ್ಲುತ್ತದೆ. ಕಟ್ಟಿದರೆ ಮೂಕಪ್ರಾಣಿಗೆ ಮೋಸ ಮಾಡಿದಂತೆ. ಮೋಸವಿಲ್ಲದೆ ಎಣ್ಣೆ ಇಳಿಯುವುದಿಲ್ಲವೆಂದು ಮುದುಕನಿಗೆ ಗೊತ್ತಿತ್ತು. ಆದರೆ ಮಾಡಿದ ಮೋಸವನ್ನು ಬಾಯಿಬಿಟ್ಟು ಹೇಳಬೇಕು, ಹೊತ್ತು ಮುಳುಗುವುದರೊಳಗೆ ಗಂಟು ಬಿಚ್ಚಬೇಕು. ಆ ಮನೆಯ ಧರ್ಮ ಅಷ್ಟೇ ಇತ್ತು. ಉಳಿದ ಧರ್ಮವೆಲ್ಲ ಅದರ ಹಿಂದೆ ಬರುತ್ತಿತ್ತು.

ಗಾಣ ಹೋಯಿತು. ಮನ್ಮಥಪ್ಪ ನಾಸಿಕಕ್ಕೆ ಬಂದು ಅಂಬಡದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಸೆಟ್ಟರ್ ಆದ. ಪ್ರೆಸ್ ಎಂದರೆ ತಗಡನ್ನು ಒಂದೇ ಏಟಿಗೆ ಒತ್ತಿ ಬಿಡಿಭಾಗ ಮಾಡುವ ಯಂತ್ರ. ಅದಕ್ಕೆ ಅಚ್ಚು ಕೂರಿಸಿ, ಪರೀಕ್ಷಿಸಿ, ನಡೆಸುವವನ ಕೈಗೆ ಒಪ್ಪಿಸುವವನು ಸೆಟ್ಟರ್. ಮೂವತ್ತೊಂದು ವರ್ಷ ಅವನು ಅದನ್ನೇ ಮಾಡಿದ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು.

ಮಗಳು ಸಮೀಕ್ಷಾ ಛತ್ರಪತಿ ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದಳು. ಅವಳ ವಿಷಯ ಕಾರ್ಮಿಕ ಅರ್ಥಶಾಸ್ತ್ರ ಮತ್ತು ಕೈಗಾರಿಕಾ ಸಂಬಂಧಗಳು. ದುಡಿಮೆಯ ಪೇಟೆಗೆ ಎರಡು ಅಂತಸ್ತುಗಳಿವೆ, ಮೇಲಿನದರಲ್ಲಿ ಕಾಯಂ ನೌಕರರು, ಕೆಳಗಿನದರಲ್ಲಿ ಗುತ್ತಿಗೆಯವರು, ನಡುವೆ ಮೆಟ್ಟಿಲಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಅದನ್ನೇ ಕಣ್ಣಾರೆ ನೋಡಿ ಬರೆಯುವೆನೆಂದು ಅವಳು ಅಪ್ಪನ ಕಾರ್ಖಾನೆಯನ್ನೇ ಪ್ರಬಂಧಕ್ಕೆ ಆರಿಸಿಕೊಂಡಳು. ಕಂಪನಿ ಪರವಾನಗಿ ಕೊಟ್ಟಿತು. ನಲವತ್ತು ಕಾರ್ಮಿಕರನ್ನು ಮಾತಾಡಿಸಿದಳು. ಪ್ರತಿಯೊಬ್ಬರಿಗೂ, "ಹೆಸರು ಎಲ್ಲೂ ಬರೆಯುವುದಿಲ್ಲ, ಬರೀ ನಂಬರು" ಎಂದು ಎದೆ ಮುಟ್ಟಿ ಹೇಳಿದಳು.

ಇಪ್ಪತ್ತೇಳನೇ ನಂಬರು ಅವಳ ಅಪ್ಪ.

ರವಿವಾರದ ಬೆಳಿಗ್ಗೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪ್ರಶ್ನಾವಳಿ ತುಂಬುತ್ತಿದ್ದಳು. ಅಪಘಾತಗಳ ಪ್ರಶ್ನೆ ಬಂತು. ದೀಪಾವಳಿಗೆ ಮೊದಲು ನಾಲ್ಕನೇ ನಂಬರಿನ ಪ್ರೆಸ್ಸಿನಲ್ಲಿ ದತ್ತು ಎಂಬ ಗುತ್ತಿಗೆ ಕಾರ್ಮಿಕನ ಎರಡು ಬೆರಳು ಹೋಗಿದ್ದವು. ಕಾಗದದಲ್ಲಿ 'ಕೆಲಸಗಾರನ ನಿರ್ಲಕ್ಷ್ಯ' ಎಂದು ಬರೆದಿದ್ದರು.

"ಆ ಪ್ರೆಸ್ಸಿಗಿ ಸೆನ್ಸರ್ ಇರ್ತದಲ್ರಿ ಅಪ್ಪಾ? ಕೈ ಒಳಗ ಬಂದ್ರ ತಾನೇ ನಿಲ್ಬೇಕಲ್ಲ?" ಎಂದಳು.

"ಇರ್ತದ. ಎರಡೂ ಕಡಿ ಕಂಬದಾಗ ಬೆಳಕಿನ ಕಣ್ಣು. ಕಣ್ಣಿಗಿ ಕೈ ಕಂಡ್ರ ಪ್ರೆಸ್ ನಿಂತ್ಬಿಡ್ತದ. ನಿಂತ್ರ ಮಾಲ್ ಕಮ್ಮಿ ಬೀಳ್ತದ. ಹಿಂದ ಅಡ್ಡ ಒಂದು ವೈರ್ ಜೋಡ್ಸಿ ಕೊಟ್ಟು ಅದನ್ನ ಸುಮ್ಮನ ಮಾಡ್ಯಾರ." ಮನ್ಮಥಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಆಮೇಲೆ ಹೇಳಿದ: "ಎತ್ತಿನ ಕಣ್ಣು ಕಟ್ಟಿ ಗಾಣ ತಿರುಗ್ಸೋದು ಕಂಡಿದ್ದೆ. ಇಲ್ಲಿ ಗಾಣದ ಕಣ್ಣೇ ಕಟ್ಟ್ಯಾರ."

ಸಮೀಕ್ಷಾಳ ಪೆನ್ನು ನಿಂತಿತು. ಮಾತನ್ನು ಅವನು ಆಡಿದಂತೆಯೇ ಕನ್ನಡದಲ್ಲಿ ಬರೆದುಕೊಂಡಳು.

ಅಧ್ಯಾಯ ಬರೆಯುವಾಗ ಅವಳಿಗೆ ಭಯವಾಯಿತು. ಆ ಮಾತಿನ ಕೆಳಗೆ 'ಕಾಯಂ ಕಾರ್ಮಿಕ, ಪ್ರೆಸ್ ವಿಭಾಗ, ಮಾತೃಭಾಷೆ ಕನ್ನಡ' ಎಂದಿತ್ತು. ಓದಿದವರಿಗೆ ಅಪ್ಪ ಸಿಕ್ಕಿಬೀಳುತ್ತಾನೆ. ಮಾತನ್ನೇ ತೆಗೆಯೋಣವೆಂದರೆ ಮನಸ್ಸಾಗಲಿಲ್ಲ. ಇಡೀ ಪ್ರಬಂಧದಲ್ಲಿ ಉಸಿರಾಡುವ ಸಾಲು ಅದೊಂದೇ. ಆಗ ಅವಳು 'ಕಾಯಂ' ಎಂಬುದನ್ನು ಅಳಿಸಿ 'ಗುತ್ತಿಗೆ' ಎಂದು ಬರೆದಳು. ಒಂದೇ ಪದ. ನಲವತ್ತರಲ್ಲಿ ಒಂದು. ಅಪ್ಪ ಉಳಿದ ಎಂದುಕೊಂಡು ನಿಟ್ಟುಸಿರು ಬಿಟ್ಟಳು.

ಮಾರ್ಗದರ್ಶಕ ಅತುಲ್ ಸರ್ ಕರಡು ಓದಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು. "ಅರೇ ವಾ! ಇದು ಮೂಲದಲ್ಲೇ ಇರಲಿ. ಕೆಳಗೆ ಮರಾಠಿ ಅನುವಾದ ಕೊಡು" ಎಂದರು.

ಹದಿನೈದು ದಿನ ಕಳೆದ ಮೇಲೆ, ವಿಭಾಗದ ಗ್ರಂಥಾಲಯದಲ್ಲಿ ಕೂತಿದ್ದಾಗ ಫೋನು ಬಂತು. ಮಾಡಿದವನು ಮಹಿಬೂಬ. ಆಳಂದದ ಕಡೆಯವನು, ಅಪ್ಪನ ಪ್ರೆಸ್ ಶಾಪಿನಲ್ಲಿ ಗುತ್ತಿಗೆಯ ಮೇಲೆ ಆರು ವರ್ಷದಿಂದ ದುಡಿಯುತ್ತಿದ್ದ. ಅಪ್ಪನನ್ನು ಕಾಕಾ ಎನ್ನುತ್ತಿದ್ದ. ಅವ್ವ ಕಸ್ತೂರಿಬಾಯಿ ಪುಂಡಿಪಲ್ಯ ಮಾಡಿದ ದಿನ ಡಬ್ಬಿ ತಗೊಂಡು ಮನೆಗೇ ಬರುತ್ತಿದ್ದ.

"ತಂಗೀ, ಏನ್ ಬರ್ದೀ ಮಾ ನೀ?"

"ಯಾಕ ಅಣ್ಣಾ? ಏನಾಯ್ತು?"

"ಮುಂಜಾನಿ ಗೇಟಿನ್ಯಾಗ ಹಾಜರಿ ಮಷೀನಿಗಿ ಬೆರಳಿಟ್ಟೆ. ಮಷೀನು ಕೆಂಪು ದೀಪ ತೋರ್ಸ್ತು. ನನಗ ಬೆರಳು ತೊಳ್ದಿಲ್ಲ ಅನಸ್ತು. ಪ್ಯಾಂಟಿಗಿ ಒರಸ್ಕೊಂಡು ಮತ್ತ ಇಟ್ಟೆ. ಮತ್ತ ಕೆಂಪು. ವಾಚ್‌ಮನ್ ಅಂದ, ಉದ್ಯಾಪಾಸೂನ್ ಯೇವೂ ನಕೋ, ನಾಳಿಂದ ಬರಬ್ಯಾಡ ಅಂತ." ಅವನು ಉಸಿರೆಳೆದುಕೊಂಡ. "ಗುತ್ತಿಗೆದಾರಗ ಕೇಳ್ದೆ. ಅವ ನನಗೇ, ನೀ ಯುನಿವರ್ಸಿಟಿ ಪುಸ್ತಕದಾಗ ಕಂಪನೀಗಿ ಬೈದೀ ಅಂತಲ್ಲ, ಗಾಣ, ಕಣ್ಣು, ಏನೇನೋ ಅಂತಲ್ಲ, ಅಂದ. ನಾನು ಯಾವ ಗಾಣಾ ಕಂಡಿಲ್ಲ ತಂಗಿ! ನಮ್ಮಪ್ಪ ಟೇಲರ್!"

ಪ್ರೆಸ್ ವಿಭಾಗದ ಗುತ್ತಿಗೆಯವರಲ್ಲಿ ಕನ್ನಡದವನು ಅವನೊಬ್ಬನೇ. ಸಮೀಕ್ಷಾಳಿಗೆ ಅದು ಆ ಕ್ಷಣದಲ್ಲಿ ಹೊಳೆಯಿತು. ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ.

"ಮೊನ್ನಿ ಶಾಪಿನ್ಯಾಗ ಮೇಡಂ ಆ ಮಾತು ಓದಿದ್ಳು. ಆದ್ರ ಹೇಳ್ದವ ಯಾವನೋ, ಛಲೋ ಹೇಳ್ಯಾನ," ಎಂದ ಮಹಿಬೂಬ. ಅವನ ದನಿಯಲ್ಲಿ ನಗುವಿರಲಿಲ್ಲ. "ಕೆಲಸಾ ಹೋಗೂದೇ ಇತ್ತಂದ್ರ ನಾನೇ ಹೇಳಿ ಕಳಕೊಂತಿದ್ದೆ. ಮಂದಿ ಮಾತಿಗಿ ಹೋಯ್ತಲ್ಲ!"

ಅವಳು ನೇರ ಅತುಲ್ ಸರ್ ಕೋಣೆಗೆ ಹೋದಳು. ಅವರ ಮುಂದೆ ಅರ್ಧ ಕುಡಿದ ಚಹಾ ಇತ್ತು. ಮಾತು ಮರಾಠಿಯಲ್ಲಿ ನಡೆಯಿತು.

"ಸರ್, ನನ್ನ ಕರಡು ಕಂಪನಿಗೆ ಹೇಗೆ ಹೋಯಿತು?"

"ನಾನೇ ಕಳಿಸಿದೆ. ಒಳಗೆ ಬಿಟ್ಟುಕೊಂಡವರಿಗೆ ತೋರಿಸುವುದು ಸೌಜನ್ಯ. ಬರುವ ವರ್ಷ ನಮ್ಮ ಹುಡುಗರನ್ನು ಇಂಟರ್ನ್‌ಶಿಪ್ಪಿಗೆ ತಗೊಳ್ಳುತ್ತಾರೆ, ಗೊತ್ತಾ? ಕೂತ್ಕೋ."

"ಒಬ್ಬರ ಕೆಲಸ ಹೋಯಿತು ಸರ್."

"ಅಲ್ಲಮ್ಮಾ, ಹೋಗುವುದೆಂದರೇನು? ಗುತ್ತಿಗೆದಾರ ಇನ್ನೊಂದು ಕಡೆ ಹಾಕುತ್ತಾನೆ. ಮೂರನೇ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯಲ್ಲ, ಗುತ್ತಿಗೆ ಕಾರ್ಮಿಕರಲ್ಲಿ ಚಲನಶೀಲತೆ ಹೆಚ್ಚು ಅಂತ."

ಹೌದು, ಆ ವಾಕ್ಯವನ್ನು ಅವಳೇ ಬರೆದಿದ್ದಳು. ಓದುವಾಗ ಚೆಂದವೂ ಕಂಡಿತ್ತು.

"ಆ ಸಾಲು ತೆಗೆದುಬಿಡು. ಮೌಖಿಕ ಪರೀಕ್ಷೆ ಹತ್ತಿರ ಬಂತು. ನೀನು ಹೆಸರು ಬರೆದಿಲ್ಲ, ನಿನ್ನ ಮೇಲೆ ದೋಷವಿಲ್ಲ."

ದೋಷವಿಲ್ಲ! ಆ ಪದ ಅವಳ ಎದೆಗೆ ಕಾದ ಸಟ್ಟುಗದಂತೆ ತಾಗಿತು. ಪದ ಬದಲಿಸಿದ್ದನ್ನು ಅಲ್ಲೇ ಹೇಳಬೇಕಿತ್ತು. ಹೇಳಿದರೆ ಪ್ರಬಂಧ ಹೋಗುತ್ತದೆ, ಅಪ್ಪನ ಹೆಸರು ಹೊರಗೆ ಬರುತ್ತದೆ. ಅವಳು ಹೇಳಲಿಲ್ಲ. ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಬಿದ್ದಳು. ತನ್ನ ಮೇಲಿನ ಸಿಟ್ಟನ್ನು ಬಾಗಿಲ ಮೇಲೆ ತೀರಿಸಿಕೊಂಡೆನೆಂದು ಎಸ್‌ಟಿ ಬಸ್ಸು ವೈಜಾಪುರ ದಾಟುವಾಗ ಅವಳಿಗೇ ಗೊತ್ತಾಯಿತು. ಯೇವಲಾದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅವಳು ಇಳಿಯಲಿಲ್ಲ.

ಮನೆಯಲ್ಲಿ ಅಪ್ಪ ಟಿವಿ ಮುಂದೆ ಕೂತಿದ್ದ, ಟಿವಿ ಬಂದ್ ಆಗಿತ್ತು.

"ಎಲ್ಲಾ ಗೊತ್ತದ," ಎಂದಳು ಕಸ್ತೂರಿಬಾಯಿ, ಮಗಳು ಚೀಲ ಇಳಿಸುವ ಮೊದಲೇ. "ಮೊನ್ನಿ ಆ ಆಫೀಸಿನ ರುಚಿತಾ ಮೇಡಂ ಶಾಪಿನ್ಯಾಗ ಎಲ್ಲಾರ್ಗೂ ನಿಲ್ಸಿ ಆ ಮಾತು ಓದಿ, ನಮ್ಮ ಉಪ್ಪು ತಿಂದು ನಮಗೇ ಬೈಯವ ಯಾವನದಾನ ಅಂತ ಕೇಳ್ಯಾಳಂತ. ನಿಮ್ಮಪ್ಪ ಸುಮ್ಮ ನಿಂತಾರ. ಏಳು ತಿಂಗಳು ಸಮೀಕ್ಷಾ. ಏಳೇ ತಿಂಗಳು. ನೀನೂ ಸುಮ್ಮ ಇರು."

ಸಮೀಕ್ಷಾ ಅಪ್ಪನ ಕಡೆ ನೋಡಿದಳು. ಅಪ್ಪ ಬಂದ್ ಆದ ಟಿವಿಯ ಕಡೆ ನೋಡಿದ. ಕಸ್ತೂರಿಬಾಯಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಮರುದಿನ ಬೆಳಿಗ್ಗೆ ಮನ್ಮಥಪ್ಪ ಮಿಂದು ಪೂಜೆಗೆ ಕೂತ. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ, ಬಿಲ್ವಪತ್ರೆ ಏರಿಸಿ ದೃಷ್ಟಿ ನೆಟ್ಟ. ಅಂಗೈಯಲ್ಲಿ ಲಿಂಗವಿದ್ದಾಗ ಆ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಅಕ್ಕಪಕ್ಕದವರು ಬಂದರೂ ಬಾಗಿಲಲ್ಲೇ ನಿಲ್ಲುತ್ತಿದ್ದರು. ಲಿಂಗದ ಮುಂದೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಾಗದು ಎಂಬ ಭಯವೇ ಆ ಮೌನಕ್ಕೆ ಕಾವಲು.

ಸಮೀಕ್ಷಾ ಹೋಗಿ ಅವನ ಎದುರಿಗೆ ಕೂತಳು.

"ಅಪ್ಪಾ, ಇಪ್ಪತ್ತೇಳನೇ ನಂಬರಿನ ಮಾತು ಯಾರದು?"

ಅಡುಗೆಮನೆಯಿಂದ ಕಸ್ತೂರಿಬಾಯಿ ಓಡಿ ಬಂದಳು. "ಏ ಹುಡ್ಗೀ! ಪೂಜಿಗಿ ಕುಂತವ್ರಿಗಿ ಮಾತಾಡಸ್ತೀ? ನಿನ್ನ ಓದಿಗಿ ಬೆಂಕಿ ಹಚ್ಚಾ! ಏಳು ಮ್ಯಾಲ!"

"ನನಗ ಹೇಳ್ಬ್ಯಾಡ್ರಿ ಅಪ್ಪಾ. ಅಂಗೈಯಾಗ ಇದ್ದಾನಲ್ಲ, ಅವನಿಗಿ ಹೇಳ್ರಿ. ಮಹಿಬೂಬಣ್ಣನ ಮಾತೋ, ಯಾರ ಮಾತೋ?"

ಮನ್ಮಥಪ್ಪನ ಅಂಗೈಯಿಂದ ಬಿಲ್ವಪತ್ರೆ ಜಾರಿ ಚಾಪೆಯ ಮೇಲೆ ಬಿತ್ತು. ಅವನು ಎದ್ದು ಹೋಗಲಿಲ್ಲ. ಬಿದ್ದ ಪತ್ರೆಯನ್ನು ಬಲಗೈಯಿಂದ ಎತ್ತಿ ಬದಿಗಿಟ್ಟು, ಇನ್ನೊಂದನ್ನು ಏರಿಸಿ, ದಿನದ ಪೂಜೆ ದಿನದಷ್ಟೇ ಹೊತ್ತು ಮಾಡಿದ. ತಾಯಿ ನಿಂತೇ ಇದ್ದಳು, ಮಗಳು ಕೂತೇ ಇದ್ದಳು. ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡ ಮೇಲೆ ಅವನು ಮಗಳ ಕಡೆ ತಿರುಗಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಅದು ಅಳುವಿನ ಕೆಂಪಲ್ಲ.

"ಮಾತು ನಂದು. ಮೂರು ದಿನದಿಂದ ನುಂಗ್ತಿದೀನಿ, ಇಳಿವಲ್ದು. ಈಗ ನೀ ಹೇಳು. ನನಗ ಗುತ್ತಿಗೀಯವ ಅಂತ ಬರ್ದವ್ರು ಯಾರು?"

ಸಮೀಕ್ಷಾ ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ. "ನಾನೇ," ಎಂದಳು.

"ಯಾಕ?"

"ನಿಮಗ ಉಳಸ್ಲಾಕ."

"ನನಗ ಉಳಸ್ಲಾಕ ಅವನ ಕುತ್ತಿಗಿ ಕೊಟ್ಟಿ! ವಾ. ಛಲೋ ಓದೀ ಮಗಳಾ. ಎರಡು ಅಂತಸ್ತು, ನಡುವ ಮೆಟ್ಲಿಲ್ಲ ಅಂತ ಬರಿತಿದ್ದಿ. ಮ್ಯಾಲಿನವ್ನ ಪಾಪ ಕೆಳಗ ಹಾಕ್ಲಾಕ ಮಾತ್ರ ನಿನಗ ಮೆಟ್ಲು ಸಿಕ್ತು?"

"ನೀವೇನ್ ಮಾಡೀರಿ?" ಅವಳೂ ಕೂಗಿದಳು. "ನಿಮ್ಮ ಮಾತಿಗಿ ಇನ್ನೊಬ್ಬ ಮನಿಗಿ ಹ್ವಾದ, ನೀವು ಸುಮ್ಮ ನಿಂತ್ರಿ! ನಾ ಒಂದು ಪದ ಬದಲ್ಸೀನಿ. ನೀವು ಮೂರು ದಿನ ಬಾಯಿ ಬದಲ್ಸೀರಿ!"

"ಬಾಯಿ ಅಷ್ಟೇ ಅಲ್ಲ." ಮನ್ಮಥಪ್ಪನ ದನಿ ಒಮ್ಮೆಲೇ ಕೆಳಗಿಳಿಯಿತು. "ಆ ವೈರ್ ಕೊಟ್ಟ ಕೈನೂ ನಂದೇ. ಪ್ಯಾನೆಲ್ ಚಾವಿ ಸೆಟ್ಟರ್ ಹತ್ರ ಇರ್ತದ. ಫೋರ್‌ಮನ್ ಹೇಳ್ದ, ಕೊಟ್ಟೆ. ದತ್ತೂನ ಬೆರಳು ತಗಡಿನ ಮ್ಯಾಲಿಂದ ನಾನೇ ಆರ್ಸೀನಿ. ಆ ವೈರ್ ಇವತ್ತಿಗೂ ಅಲ್ಲೇ ಅದ."

ಕಸ್ತೂರಿಬಾಯಿ ಹೋಗಿ ಬಾಗಿಲ ಚಿಲಕ ಹಾಕಿದಳು.

"ನಮ್ಮಪ್ಪ ಎತ್ತಿನ ಕಣ್ಣು ಕಟ್ಟಿ ದಿನಾ ತಪ್ಪಾಯ್ತಂತಿದ್ದ. ಸಂಜಿಗಿ ಬಿಚ್ತಿದ್ದ. ನಾ ಕಟ್ಟೀನಿ, ಯಾರಿಗೂ ತಪ್ಪಾಯ್ತಂದಿಲ್ಲ, ಬಿಚ್ಚಿಲ್ಲ. ನಿನಗ ಹೇಳುವಾಗನೂ 'ಕಟ್ಟ್ಯಾರ' ಅಂದೆ, 'ಕಟ್ಟೀನಿ' ಅನ್ಲಿಲ್ಲ. ಕಾಗದಾ ತಾ."

ಅವನು ಹೇಳಿದ, ಅವಳು ಮರಾಠಿಯಲ್ಲಿ ಬರೆದಳು. ಆ ಮಾತು ನನ್ನದು, ಮಹಿಬೂಬನದಲ್ಲ. ವೈರು ಜೋಡಿಸಿದವನೂ ನಾನೇ, ಫೋರ್‌ಮನ್ ಹೇಳಿದ್ದಕ್ಕೆ. ತಪ್ಪಿಗೆ ನನ್ನ ಮೇಲೆ ಚಾರ್ಜ್‌ಶೀಟ್ ಕೊಡಿ, ಅವನನ್ನು ಒಳಗೆ ಬಿಡಿ. ಕೆಳಗೆ ಸಹಿ.

ಮೊದಲ ಪಾಳಿಯ ಗೇಟಿನಲ್ಲಿ ರುಚಿತಾ ಮೇಡಂ ಕಾಗದ ಓದಿ ಎರಡಾಗಿ ಮಡಚಿ ಹಿಂದಕ್ಕೆ ಕೊಟ್ಟಳು. ಅವಳು ಕಂಪನಿಯ ಸಿಬ್ಬಂದಿ ವ್ಯವಹಾರ ನೋಡುವವಳು, ಮೂವತ್ತರ ವಯಸ್ಸು, ಮಾತು ಬಲು ಮೆತ್ತಗೆ.

"ಕಾಕಾ, ಯಾಕೆ ಇದೆಲ್ಲ? ನೀವು ನಮ್ಮ ಹಿರಿಯರು. ಏಳು ತಿಂಗಳು ಆರಾಮಾಗಿ ಕಳೆಯಿರಿ. ಶಾಲು ಹಾಕಿ ಕಳಿಸುತ್ತೇವೆ."

"ಶಾಲು ಬ್ಯಾಡ ಮೇಡಂ. ಚಾರ್ಜ್‌ಶೀಟ್ ಕೊಡ್ರಿ. ಈ ಕಾಗದ ಮುಟ್ಟೇದಂತ ಕಂಪನಿ ಸಿಕ್ಕಾ, ಮೊಹರು, ಹೊಡೀರಿ."

"ಸಿಕ್ಕಾ ಹೊಡೆಯುವಂಥದ್ದು ಏನೂ ಆಗಿಲ್ಲ. ಆ ಹುಡುಗನದು ಗುತ್ತಿಗೆದಾರನ ವಿಷಯ, ನಮ್ಮದಲ್ಲ." ಸಮೀಕ್ಷಾಳ ಕಡೆ ತಿರುಗಿದಳು. "ತೂ ಶಿಕಲೇಲೀ ಆಹೇಸ್, ಓದಿದವಳು ನೀನು, ಅಪ್ಪನಿಗೆ ತಿಳಿಸಿ ಹೇಳು."

ಸಮೀಕ್ಷಾಳಿಗೆ ಎಲ್ಲವೂ ಪುಸ್ತಕದ ಪುಟದಂತೆ ಸ್ಪಷ್ಟವಾಗಿತ್ತು. ಅಪ್ಪನನ್ನು ತೆಗೆಯಬೇಕೆಂದರೆ ಆರೋಪ ಬರೆದು ಕೊಡಬೇಕು, ವಿಚಾರಣೆ ನಡೆಸಬೇಕು, ಅವನ ಮಾತು ಕೇಳಬೇಕು, ಅವನು ಕರೆದ ಸಾಕ್ಷಿಗಳನ್ನು ಕೇಳಬೇಕು. ಮಹಿಬೂಬನಿಗೆ ಒಂದು ಕೆಂಪು ದೀಪ ಸಾಕು. ಒಂದೇ ಮಾತು. ಆಡಿದ ಬಾಯಿ ಯಾವ ಅಂತಸ್ತಿನದು ಎಂಬುದರ ಮೇಲೆ ಅದರ ಶಿಕ್ಷೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಇದನ್ನೇ ಬರೆದಿದ್ದಳು.

ಮನ್ಮಥಪ್ಪ ಕಾಗದವನ್ನು ಮಗಳ ಕೈಗಿಟ್ಟ. "ಮಾತಿಗಿ ಚಾರ್ಜ್‌ಶೀಟ್ ಕೊಡಾಂಗಿಲ್ಲಂದ್ರ ಮಾಡೋ ಕೆಲಸಕ್ಕ ಕೊಡ್ತಾರ," ಎಂದು, ಬೆರಳಿಟ್ಟು, ಹಸಿರು ದೀಪ ಹತ್ತಿದೊಡನೆ ಒಳಗೆ ಹೋದ.

ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮಹಿಬೂಬ ಕೂತಿದ್ದ. ಕೆಲಸವಿಲ್ಲದಿದ್ದರೂ ಪಾಳಿಯ ಹೊತ್ತಿಗೆ ಅವನ ಕಾಲು ಅಲ್ಲಿಗೇ ತಂದಿತ್ತು. ಸಮೀಕ್ಷಾ ಅವನ ಎದುರು ನಿಂತಳು. ಬಸ್ಸಿನಲ್ಲಿ ಹೊಂದಿಸಿಟ್ಟ ಮಾತುಗಳೆಲ್ಲ ಕೈಕೊಟ್ಟವು.

"ಅಣ್ಣಾ, ಆ ಮಾತು ಅಪ್ಪಂದು. ಅಪ್ಪನ್ನ ಮುಚ್ಚಿಡ್ಲಾಕ ನಾನೇ ಗುತ್ತಿಗಿ ಅಂತ ಬರ್ದೆ. ಹೊಡೀಬೇಕಂದ್ರ ಹೊಡಿ."

"ನಿಮ್ಮ ಮನೀ ರೊಟ್ಟಿ ತಿಂದೀನಿ," ಎಂದ ಮಹಿಬೂಬ. "ಇಲ್ಲಂದ್ರ ಇವತ್ತು ಬಾಯಿಲೇ ಸುಡ್ತಿದ್ದೆ ನಿನಗ. ನನ್ನ ಹೆಸರು ಬರೀಲಿಲ್ಲ ಅಂತ ಖುಷಿ ಪಟ್ಟಿದ್ದೆನಲ್ಲ ತಂಗಿ ನಾನು. ನೀ ಹೆಸರು ಬರೀದೇ ನನಗ ತೋರ್ಸಿಕೊಟ್ಟಿ."

ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸುವುದು ಸುಲಭ ಅನ್ನಿಸಿತು.

ಕಾಂಪೌಂಡಿನ ಆಚೆಯಿಂದ ಪ್ರೆಸ್ಸುಗಳ ಏಟು ಕೇಳುತ್ತಿತ್ತು. ಧಡ್, ಧಡ್, ಧಡ್. ಕೇಳಿ ಕೇಳಿ ಆ ರಸ್ತೆಯ ನಾಯಿಗಳೂ ಅದಕ್ಕೆ ಕಿವಿ ನಿಮಿರಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಏಟು ತಪ್ಪಿತು. ಧಡ್. ನಿಂತಿತು. ಮತ್ತೆ ಧಡ್. ಮತ್ತೆ ನಿಂತಿತು.

ಮಹಿಬೂಬ ಗ್ಲಾಸು ಕೆಳಗಿಟ್ಟು ಎದ್ದ. "ನಾಕ್ ನಂಬರ್!" ಎಂದ. ಕಿವಿಯನ್ನು ಗೋಡೆಯ ಕಡೆ ಮಾಡಿದ. "ಕೈ ಕಂಡ್ರ ನಿಲ್ಲಕತ್ತದ. ಕಾಕಾ ವೈರ್ ತಗದಾನ!"

ಆಮೇಲೆ ಮೂರನೆಯದು ತಡವರಿಸಿತು. ಆಮೇಲೆ ಎರಡನೆಯದು. ಊಟದ ಗಂಟೆಯ ಹೊತ್ತಿಗೆ ಇಡೀ ಸಾಲು ಮುದುಕರಂತೆ ನಿಂತು ನಿಂತು ನಡೆಯುತ್ತಿತ್ತು. ಎರಡು ಗಂಟೆಗೆ ಮನ್ಮಥಪ್ಪ ವಾಚ್‌ಮನ್ನಿನ ಜೊತೆ ಹೊರಗೆ ಬಂದ. ಕೈಯಲ್ಲಿ ಕಾಗದವಿತ್ತು. 'ಮೇಲಧಿಕಾರಿಯ ಅನುಮತಿ ಇಲ್ಲದೆ ಯಂತ್ರ ಮುಟ್ಟಿ ಉತ್ಪಾದನೆಗೆ ಅಡ್ಡಿ. ವಿಚಾರಣೆ ಮುಗಿಯುವವರೆಗೆ ಅಮಾನತು.' ಕೆಳಗೆ ಸಹಿ, ದುಂಡನೆಯ ಸಿಕ್ಕಾ.

ಅವನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. "ಸಿಕ್ತು," ಎಂದ. ಆಮೇಲೆ ಮಹಿಬೂಬನ ಎದುರಿಗೆ ಹೋಗಿ ನಿಂತು, ತನಗಿಂತ ಮೂವತ್ತು ವರ್ಷ ಕಿರಿಯನಾದ ಅವನಿಗೆ ಎರಡೂ ಕೈ ಜೋಡಿಸಿದ. "ತಪ್ಪಾಯ್ತಪಾ. ಬಿಚ್ಚೋದು ತಡಾ ಆಯ್ತು."

"ಕೈ ಇಳಸ್ರಿ ಕಾಕಾ," ಎಂದ ಮಹಿಬೂಬ ಒರಟಾಗಿ. "ಕೈ ಮುಗಿದ್ರ ನನ್ನ ದೀಪ ಹಸ್ರ ಆಗ್ತದೇನು?"

ಆಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಸಮೀಕ್ಷಾ ಸಂಭಾಜಿನಗರಕ್ಕೆ ಮರಳಿ, ಪ್ರಬಂಧದ ಎಂಬತ್ತೆಂಟನೇ ಪುಟಕ್ಕೆ ತಿದ್ದುಪಡಿ ಬರೆದಳು: 'ಇಪ್ಪತ್ತೇಳನೆಯವರು ಗುತ್ತಿಗೆಯವರಲ್ಲ, ಕಾಯಂ. ಬದಲಿಸಿದವಳು ನಾನು. ಅವರ ಅನುಮತಿಯಿಂದ ಅವರ ಪತ್ರವನ್ನು ಲಗತ್ತಿಸಿದ್ದೇನೆ.' ಅತುಲ್ ಸರ್ ಓದಿ ಕನ್ನಡಕ ತೆಗೆದರು.

"ಮಾಹಿತಿ ತಿದ್ದಿದ್ದೆ ಅಂತ ನೀನೇ ಬರೆದು ಕೊಟ್ಟರೆ ಈ ವರ್ಷ ಪಾಸು ಮಾಡಲು ಆಗುವುದಿಲ್ಲ. ವೇಡೀ ಆಹೇಸ್ ಕಾ? ಹುಚ್ಚು ಹಿಡಿದಿದೆಯಾ ನಿನಗೆ?"

"ಮಾಡಬೇಡಿ ಸರ್. ನೀವು ಕರಡು ಕಳಿಸಿದ್ದನ್ನೂ ಕೆಳಗೆ ಬರೆದಿದ್ದೇನೆ. ತಾರೀಖಿನ ಸಮೇತ. ಅದೂ ಕೈಗಾರಿಕಾ ಸಂಬಂಧವೇ."

ಅವರು ಪಾಸು ಮಾಡಲಿಲ್ಲ.

ವಿಚಾರಣೆಗೆ ದಿನ ಗೊತ್ತಾಯಿತು. ಹೊರಗಿನಿಂದ ಕರೆಸಿದ ವಕೀಲರೊಬ್ಬರು ವಿಚಾರಣಾಧಿಕಾರಿ. ಮನ್ಮಥಪ್ಪ ಕೊಟ್ಟ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಮಹಿಬೂಬನದು, ಎರಡನೆಯದು ದತ್ತುವಿನದು. ಕರೆಸುವುದಿಲ್ಲವೆಂದು ಕಂಪನಿ ಹೇಳಿತು. ಕರೆಸದಿದ್ದರೆ ನಾಳೆ ಕೋರ್ಟಿನಲ್ಲಿ ಈ ವಿಚಾರಣೆಯೇ ನಿಲ್ಲುವುದಿಲ್ಲ ಎಂದು ವಕೀಲರು ಬರೆದು ಕಳಿಸಿದರು.

ವಿಚಾರಣೆಯ ದಿನ ಬೆಳಿಗ್ಗೆ ಹತ್ತಕ್ಕೆ ಮಹಿಬೂಬ ಗೇಟಿಗೆ ಬಂದ. ಅಭ್ಯಾಸಬಲದಿಂದ ಬೆರಳಿಟ್ಟ. ಕೆಂಪು ದೀಪ. ವಾಚ್‌ಮನ್ ರಿಜಿಸ್ಟರು ತೆರೆದು, ಪೆನ್ನಿನಿಂದ, ಅವನ ಹೆಸರನ್ನು ಅಪ್ಪನ ಹೆಸರಿನ ಸಮೇತ ಪೂರ್ತಿ ಬರೆಯಬೇಕಾಯಿತು. 'ಕೆಲಸ' ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ.

"ಸಾಕ್ಷಿ ಅಂತ ಬರಿ," ಎಂದ ಮಹಿಬೂಬ. "ಆರು ವರ್ಷದಿಂದ ಅದೇ ಕೆಲಸ ಮಾಡೀನಿ. ಇವತ್ತು ಬರ್ಕೊಳ್ಳಕತ್ತೀರಿ."

ಮೆಟ್ಟಿಲ ಮೇಲೆ ರುಚಿತಾ ಮೇಡಂ ನಿಂತಿದ್ದಳು. ಈ ಸಲ ಅವಳ ದನಿ ಮೆತ್ತಗಿರಲಿಲ್ಲ. "ಏನು ಉಪಯೋಗ? ಸಂಜೆ ನಾಲ್ಕಕ್ಕೆ ಇದೇ ಗೇಟಿನಿಂದ ಮತ್ತೆ ಹೊರಗೇ ಹೋಗಬೇಕಲ್ಲ ನೀನು."

"ಹೊರಗ ಹಾಕ್ಬೇಕಂದ್ರೂ ಮೊದ್ಲು ಒಳಗ ಬಿಡ್ಬೇಕಲ್ರಿ ಮೇಡಂ," ಎಂದು ಅವನು ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿದ. ಹಿಂದೆ ದತ್ತು, ಮೂರು ಬೆರಳಿನ ಕೈಯನ್ನು ಜೇಬಿನಿಂದ ಹೊರಗೆ ತೆಗೆದು.

ರಸ್ತೆಯ ಆಚೆ ಸಮೀಕ್ಷಾ ಹೊಸ ನೋಟುಪುಸ್ತಕದ ಮೊದಲ ಪುಟ ತೆರೆದಿದ್ದಳು. ಪ್ರೆಸ್ಸುಗಳ ಸದ್ದು ಕೇಳುತ್ತಿತ್ತು. ಧಡ್, ಧಡ್, ಧಡ್, ಒಂದೇ ಸಮನೆ, ಎಲ್ಲೂ ತಪ್ಪದೆ. ವೈರನ್ನು ಮತ್ತೆ ಜೋಡಿಸಿದ್ದರು. ಅವಳು ತಾರೀಖು ಬರೆದಳು, ಹೊತ್ತು ಬರೆದಳು, ಸದ್ದು ಕೇಳಿದವಳ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಬರೆದಳು. ಪೆನ್ನಿನ ಮೊನೆ ಕಾಗದವನ್ನು ಹರಿದು ಕೆಳಗಿನ ಹಾಳೆಗೂ ಇಳಿಯಿತು.